ಮೂರಡಿ ದೂರದ ಕೆಸರು

ತೊಂಬತ್ತರ ದಶಕದಲ್ಲಿ ಕೆಲಸಕ್ಕೆಂದು ಇಂಗ್ಲೆಂಡಿಗೆ ಹೋದ ನನಗೆ ವಾರ್‌ಗೇಮ್ ಗೀಳು ಹತ್ತಿದ್ದು ಮ್ಯಾಂಚೆಸ್ಟರಿನ ಹೊರವಲಯದ ಒಂದು ಕ್ಲಬ್ಬಿನಲ್ಲಿ. ಚರ್ಚಿನ ಹಾಲ್‌ನಲ್ಲಿ ಮೇಜುಗಳನ್ನು ಜೋಡಿಸಿ, ಹಸಿರು ಬಟ್ಟೆ ಹಾಸಿ, ದಾಳ ಉರುಳಿಸುತ್ತ ನಾರ್ಮಂಡಿಯ ಕಾಳಗವನ್ನು ಮತ್ತೆ ಮತ್ತೆ ಆಡುತ್ತಿದ್ದೆವು. ಟ್ಯಾಂಕುಗಳು ಹೆಚ್ಚಾಗಿ ಏರ್‌ಫಿಕ್ಸ್ ಕಿಟ್ಟಿನವು, 1:76 ಅಳತೆಯವು. ಬಣ್ಣ ಹಂಬ್ರೋಲ್ ಎನಾಮೆಲ್. 14 ಮಿ.ಲೀ.ನ ಪುಟ್ಟ ಡಬ್ಬಿ. ಒಂದು ಪದರ ಬಳಿದರೆ ಮಾರನೇ ದಿನದವರೆಗೂ ಮುಟ್ಟುವಂತಿರಲಿಲ್ಲ.

ಧೂಳು, ಕೆಸರು, ತುಕ್ಕನ್ನೆಲ್ಲ ಬಹುತೇಕರು ಮನೆಯಲ್ಲೇ ತಯಾರಿಸಿಕೊಳ್ಳುತ್ತಿದ್ದರು. ಚಿತ್ರ ಬರೆಯುವ ಪೇಸ್ಟಲ್ ಕಡ್ಡಿಯನ್ನು ಬ್ಲೇಡಿನಿಂದ ಹೆರೆದರೆ ಧೂಳು ಸಿದ್ಧ. ಕಂದು ತೈಲವರ್ಣವನ್ನು ಟರ್ಪೆಂಟೈನಿನಲ್ಲಿ ತೆಳ್ಳಗೆ ಮಾಡಿ ಬಿಟ್ಟರೆ ಅದು ತಾನಾಗಿ ಸಂದುಗಳಿಗೆ ಇಳಿದು ಅಲ್ಲೇ ನಿಲ್ಲುತ್ತಿತ್ತು. ಕೊನೆಗೆ ಡ್ರೈಬ್ರಶ್: ಕುಂಚಕ್ಕೆ ತಿಳಿಬಣ್ಣ ಹಚ್ಚಿ, ಮುಕ್ಕಾಲು ಪಾಲನ್ನು ಬಟ್ಟೆಗೆ ಒರೆಸಿ, ಉಳಿದಷ್ಟನ್ನು ರಿವೆಟ್ಟುಗಳ ತಲೆಗೆ ಸವರುವುದು. ಬೆಲ್ಜಿಯಂನ ಫ್ರಾಂಸ್ವಾ ವರ್ಲಿಂಡನ್ ಜನಪ್ರಿಯಗೊಳಿಸಿದ ಈ ಶೈಲಿಯಲ್ಲಿ ಎಲ್ಲವೂ ತುಸು ಅತಿ. ಅದು ಬೇಕೆಂದೇ ಮಾಡಿದ ಅತಿ. ಆಟಗಾರ ಟ್ಯಾಂಕನ್ನು ನೋಡುವುದು ಮೂರಡಿ ದೂರದಿಂದ. ನಿಜವಾದ ಕೆಸರಿನ ಬಣ್ಣ ಅಲ್ಲಿಗೆ ಕಾಣುವುದೇ ಇಲ್ಲ.

2002ರಲ್ಲಿ ನ್ಯೂಜಿಲೆಂಡಿನಿಂದ ‘ಫ್ಲೇಮ್ಸ್ ಆಫ್ ವಾರ್’ ಎಂಬ ವಾರ್‌ಗೇಮ್ ಬಂತು. 1:100 ಅಳತೆ; ಫಿರಂಗಿಯ ನಳಿಗೆ ಬಿಟ್ಟರೆ ಟೈಗರ್ ಟ್ಯಾಂಕು ಆರು ಸೆಂಟಿಮೀಟರ್ ಚಿಲ್ಲರೆ. ಒಂದೆರಡಲ್ಲ, ತುಕಡಿಗಟ್ಟಲೆ ಬಣ್ಣ ಬಳಿಯಬೇಕಾಯಿತು. ನಿಮಿಷಗಳಲ್ಲಿ ಒಣಗುವ, ಕುಂಚವನ್ನು ನೀರಿನಲ್ಲೇ ತೊಳೆಯಬಹುದಾದ ಸ್ಪೇನಿನ ವ್ಯಾಲೆಹೋ ಅಕ್ರಿಲಿಕ್ ಕ್ಲಬ್ಬನ್ನು ಆವರಿಸಿತು. 2009ರಲ್ಲಿ ಅದೇ ದೇಶದಲ್ಲಿ ಎಕೆ ಇಂಟರ್‌ಆಕ್ಟಿವ್ ಕಂಪನಿ ಶುರುವಾದ ಮೇಲಂತೂ ಒಣ ಕೆಸರು, ಹಸಿ ಕೆಸರು, ಎಣ್ಣೆ ಕಲೆ ಎಲ್ಲವೂ ಬಾಟಲಿಯಲ್ಲೇ ಸಿಗತೊಡಗಿದವು.

ಇಷ್ಟಾದರೂ ಕೆಲಸದ ಸ್ವರೂಪವನ್ನು ಹೆಚ್ಚು ಬದಲಿಸಿದ್ದು ಬಾಟಲಿಗಳಲ್ಲ, ಮೊಬೈಲ್ ಕ್ಯಾಮೆರಾ. ಫೋಟೋದಲ್ಲಿ ಟ್ಯಾಂಕು ಅಂಗೈಯಗಲ ಹಿಗ್ಗುತ್ತದೆ. ಹಳೆಯ ಡ್ರೈಬ್ರಶ್ ಅಲ್ಲಿ ಸುಣ್ಣ ಬಳಿದಂತೆ ಕಾಣುತ್ತದೆ. ಹಾಗಾಗಿ ಕ್ಲಬ್ಬಿನ ಹೊಸ ಹುಡುಗರು ತುಕ್ಕಿನ ಬಣ್ಣದ ಮೇಲೆ ಹೇರ್‌ಸ್ಪ್ರೇ ಹೊಡೆದು, ಅದರ ಮೇಲೆ ಟ್ಯಾಂಕಿನ ಬಣ್ಣ ಬಳಿದು, ನೀರು ತಾಗಿಸಿ ಒರಟು ಕುಂಚದಿಂದ ಕೆರೆಯತೊಡಗಿದರು. ಹೇರ್‌ಸ್ಪ್ರೇ ನೀರಿಗೆ ಕರಗುತ್ತಲೇ ಮೇಲಿನ ಬಣ್ಣ ಸಣ್ಣ ಚೂರುಗಳಾಗಿ ಏಳುತ್ತದೆ. ಸೈನಿಕರು ಹತ್ತಿಳಿಯುವ ಮುಚ್ಚಳದ ಅಂಚಿನಲ್ಲಿ ಅದು ನೋಡಲು ಸೊಗಸು. ಹಳಬರಾದ ನಾವು ಟ್ರ್ಯಾಕಿಗೆಲ್ಲ ಕಿತ್ತಳೆ ತುಕ್ಕು ಮೆತ್ತುತ್ತಿದ್ದೆವು. ಓಡುವ ಟ್ಯಾಂಕಿನ ಟ್ರ್ಯಾಕು ನೆಲಕ್ಕೆ ತಾಗುವ ಕಡೆ ಉಜ್ಜಿ ಉಜ್ಜಿ ಹೊಳೆಯುತ್ತದೆ ಎಂದು ಯುದ್ಧಕಾಲದ ಫೋಟೋ ಹಿಡಿದು ತೋರಿಸಿದವರು ಈ ಹುಡುಗರೇ.

ತಕರಾರು ಒಂದೇ. ಆಟದ ಟ್ಯಾಂಕನ್ನು ಕೈಯಲ್ಲಿ ಹಿಡಿಯದೆ ಆಗುವುದಿಲ್ಲ. ಚಂದದ ಧೂಳು ಬೆರಳಿಗೆ ಬರುತ್ತದೆ. ವಾರ್ನಿಶ್ ಹೊಡೆದು ಕೂರಿಸಿದರೆ ಧೂಳಿನ ಕಳೆಯೇ ಹೋಗುತ್ತದೆ. ‘ಮುಟ್ಟಬೇಡಿ, ನಾನೇ ಸರಿಸುತ್ತೇನೆ’ ಎಂಬ ಮಾತು ಹಾಲ್‌ನಲ್ಲಿ ಕೇಳಿಬರತೊಡಗಿದ್ದು ಆಮೇಲೆಯೇ. ಕಪಾಟಿನ ಟ್ಯಾಂಕಿಗೆ ಎಷ್ಟು ನಾಜೂಕಾದರೂ ಸರಿ. ಆಟಕ್ಕಿಳಿಸುವುದಾದರೆ ಮೇಜಿನಿಂದ ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಎನ್ನುತ್ತೇನೆ ನಾನು. ಅಲ್ಲಿಂದ ಕಾಣದ ತುಕ್ಕಿಗೆ ಒಂದು ಸಂಜೆ ಕಳೆದರೆ ಅದು ನಿಮ್ಮ ಖುಷಿಗೆ, ಆಟಕ್ಕಲ್ಲ.