ಕೊಡಿಕೊಂಡದಲ್ಲಿ ಕೂಗಿದ ನಾಜಲ್

ಬೆಂಗಳೂರಿನಿಂದ ಹೈದರಾಬಾದ್ ಹೆದ್ದಾರಿ ಹಿಡಿದು ಹೊರಟರೆ, ನಂದಿಬೆಟ್ಟದ ಸಾಲು ಹಿಂದೆ ಸರಿದ ಮೇಲೆ ನೆಲ ಬೇರೆಯಾಗುತ್ತಾ ಹೋಗುತ್ತದೆ. ಪೆರೇಸಂದ್ರದ ಆಚೆ ಬಂಡೆಗುಡ್ಡಗಳು ಒಂದೊಂದಾಗಿ ಎದ್ದು ನಿಲ್ಲುತ್ತವೆ. ಬಾಗೇಪಲ್ಲಿಯ ಹತ್ತಿರ ಚಿತ್ರಾವತಿ ಕಾಣಿಸಿ ಮರೆಯಾಗುತ್ತಾಳೆ. ಬೋರ್ಡುಗಳಲ್ಲಿ ಕನ್ನಡದ ಕೆಳಗಿದ್ದ ತೆಲುಗು ನೋಡನೋಡುತ್ತಿದ್ದಂತೆ ಕನ್ನಡದ ಮೇಲೆ ಬಂದಿರುತ್ತದೆ. ಅಷ್ಟಾದರೆ ಕೊಡಿಕೊಂಡ ಬಂದಂತೆ. ಎಡಕ್ಕೆ ತಿರುಗಿದರೆ ಲೇಪಾಕ್ಷಿ, ಹಿಂದೂಪುರ. ನೇರ ಹೋದರೆ ಪೆನುಕೊಂಡ, ಅನಂತಪುರ.

ಈ ದಾರಿಯಲ್ಲಿ ಓಡಾಡುವ ಡ್ರೈವರುಗಳಿಗೆ ಕೊಡಿಕೊಂಡ ಊರಿಗಿಂತ ಹೆಚ್ಚಾಗಿ ಚೆಕ್‌ಪೋಸ್ಟು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದು ಗಡಿಯ ತೆರಿಗೆ ಗೇಟುಗಳು ಹೋದವು, ಹೆಸರು ಮಾತ್ರ ಉಳಿಯಿತು. 2022ರ ಏಪ್ರಿಲ್‌ನಲ್ಲಿ ಅನಂತಪುರ ಜಿಲ್ಲೆ ಎರಡಾಗಿ, ಈ ಸೀಮೆ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಜಿಲ್ಲೆ ಯಾವುದಾದರೇನು, ಲಾರಿಗಳಂತೂ ಹಗಲಿರುಳು ಹರಿಯುತ್ತಲೇ ಇವೆ. ಲಾರಿ ಓಡುವ ದಾರಿಯಲ್ಲಿ ಡೀಸೆಲ್ ಮೇಸ್ತ್ರಿ ಇರಲೇಬೇಕು.

ನಾವು ಹೊರಟಿದ್ದು ಅಂಥ ಒಬ್ಬ ಮೇಸ್ತ್ರಿಯ ಹತ್ತಿರಕ್ಕೆ. ನನ್ನ ಸೋದರಮಾವನ ಜಮೀನು ಲೇಪಾಕ್ಷಿಯ ದಿಕ್ಕಿನಲ್ಲಿದೆ. ಅವರ ಮೂರು ಸಿಲಿಂಡರಿನ ಹಳೆಯ ಟ್ರ್ಯಾಕ್ಟರು ಮಳೆಗಾಲ ಮುಗಿದಾಗಿನಿಂದ ಮಿಸ್ ಹೊಡೆಯುತ್ತಿತ್ತು, ಬಿಳಿ ಹೊಗೆ ಬೇರೆ. ಬೆಂಗಳೂರಿಗೆ ಬಂದಿದ್ದ ಮಾವ ಜೆ.ಸಿ. ರಸ್ತೆಯಲ್ಲಿ ಅಲೆದು, ಬಾಗಿಲು ಹಾಕುತ್ತಿದ್ದ ಒಂದು ಬಿಡಿಭಾಗದ ಅಂಗಡಿಯ ಅಟ್ಟದಿಂದ, ಎಂಜಿನ್ನಿಗೆ ಎಣ್ಣೆ ಚಿಮ್ಮಿಸುವ ನಾಲ್ಕು ನಾಜಲ್‌ಗಳನ್ನು ಇಳಿಸಿಕೊಂಡು ಬಂದಿದ್ದರು. ಮೈಕೋ ಎಂದು ಅಚ್ಚಾದ ಹಳೆಯ ಪೆಟ್ಟಿಗೆಗಳು. ಒಳಗಿನ ಎಣ್ಣೆ ಕಾಗದವನ್ನು ಯಾರೂ ಬಿಚ್ಚಿರಲಿಲ್ಲ. ದಾರಿಯುದ್ದಕ್ಕೂ ಪೆಟ್ಟಿಗೆ ಅವರ ತೊಡೆಯ ಮೇಲೇ ಇತ್ತು.

ಮೈಕೋ ಅಂದರೆ ಬೆಂಗಳೂರಿನವರಿಗೆ ಬೇರೆ ಪರಿಚಯ ಬೇಡ. ಒಂದು ಬಡಾವಣೆಗೇ ಆ ಹೆಸರಿದೆ. ಜರ್ಮನಿಯ ರಾಬರ್ಟ್ ಬಾಷ್ ಕಂಪನಿ ಡೀಸೆಲ್ ಎಂಜಿನ್ನಿಗೆ ಎಣ್ಣೆ ಚಿಮ್ಮಿಸುವ ಸಲಕರಣೆ ಮಾಡಬೇಕೆಂದು ತೀರ್ಮಾನಿಸಿದ್ದು 1922ರಲ್ಲಿ. ಅದೇ ವರ್ಷ ಅದರ ವ್ಯಾಪಾರ ಕಲ್ಕತ್ತೆಗೂ ಬಂತು. ಪಂಪುಗಳು ದೊಡ್ಡ ಪ್ರಮಾಣದಲ್ಲಿ ತಯಾರಾಗಿ ಹೊರಬಿದ್ದದ್ದು 1927ರಲ್ಲಿ. ಅದಕ್ಕೂ ಮೊದಲು, 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ರುಡಾಲ್ಫ್ ಡೀಸೆಲ್ ಓಡಿಸಿ ತೋರಿಸಿದ ಎಂಜಿನ್ನಿನಲ್ಲಿ ಎಣ್ಣೆಯನ್ನು ಒಳಕ್ಕೆ ಊದಲು ಒತ್ತಿದ ಗಾಳಿಯೇ ಬೇಕಾಗಿತ್ತು. ಆ ಗಾಳಿ ಒತ್ತುವ ಯಂತ್ರದ ಭಾರಕ್ಕೆ ಎಂಜಿನ್ನು ಇದ್ದಲ್ಲೇ ಇರಬೇಕಾಯಿತು. ಚಿಕ್ಕ ಪಂಪು, ಬೆರಳಿನಷ್ಟು ಉದ್ದದ ನಾಜಲ್ ಬಂದ ಮೇಲೆ ಅದು ಲಾರಿ ಏರಿತು, ಹೊಲಕ್ಕಿಳಿಯಿತು. 1951ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಹುಟ್ಟಿತು, ಆಡುಗೋಡಿಯಲ್ಲಿ ಕಾರ್ಖಾನೆ ಎದ್ದಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಆಯಿತು. ಆದರೆ ವರ್ಕ್‌ಶಾಪಿನ ಬಾಯಲ್ಲಿ ಅದು ಇವತ್ತಿಗೂ ಮೈಕೋ.

"ಹೋದ ತಕ್ಷಣ ಕೂಡಿಸೋದೇ. ಸೀಲ್ ಕೂಡ ಒಡೆದಿಲ್ಲ" ಎಂದು ಮಾವ ಬಾಗೇಪಲ್ಲಿಯ ಟೋಲಿನಲ್ಲೂ ಒಂದು ಸಲ ಹೇಳಿದರು.

ಮೇಸ್ತ್ರಿಯ ಶೆಡ್ಡು ಹೊರಗಿನಿಂದ ಎಲ್ಲ ಶೆಡ್ಡುಗಳಂತೆಯೇ ಇತ್ತು: ಮಸಿ, ಗ್ರೀಸು, ಬಿಚ್ಚಿಟ್ಟ ಗೇರ್‌ಬಾಕ್ಸು, ನೆರಳಿನಲ್ಲಿ ಮಲಗಿದ ಕ್ಲೀನರ್ ಹುಡುಗ. ಹಿಂದಿನ ಪಂಪ್ ರೂಮಿನ ಬಾಗಿಲು ತೆರೆದಾಗ ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಚಪ್ಪಲಿ ಹೊರಗೆ ಬಿಡಬೇಕು. ಒದ್ದೆ ಬಟ್ಟೆಯಲ್ಲಿ ಒರೆಸಿದ ನೆಲ. ಧೂಳೇಳುತ್ತದೆಂದು ಫ್ಯಾನು ಹಾಕಿಲ್ಲ, ಕಿಟಕಿ ತೆಗೆಯುವುದಿಲ್ಲ. ನೂಲು ಬಿಡುತ್ತದೆಂದು ಬನೀನು ಬಟ್ಟೆಯನ್ನೂ ಒಳಗೆ ಬಿಡುವುದಿಲ್ಲ. ದೇಶದಲ್ಲಿ ತೀರಾ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಹೊರಗೆ ಲಾರಿ ಹೋದಾಗಲೆಲ್ಲ ಕೆಂಧೂಳು ಆಳೆತ್ತರ ಏಳುತ್ತದೆ. ಅದರ ನಡುವೆ ಈ ಕೋಣೆಯನ್ನು ಇಷ್ಟು ಚೊಕ್ಕಟವಾಗಿ ಇಟ್ಟುಕೊಳ್ಳುವುದು ದಿನದಿನದ ಹೋರಾಟವೇ ಸರಿ. ಆಸ್ಪತ್ರೆಗಳಲ್ಲೂ ನಾನು ಇಷ್ಟು ಶಿಸ್ತು ನೋಡಿದ್ದು ಕಡಿಮೆ.

ಮೇಸ್ತ್ರಿ ಒಂದು ನಾಜಲ್ಲಿನ ಕಾಗದ ಬಿಚ್ಚಿ ಮೂಸಿದರು. ಹೆಬ್ಬೆರಳಿನ ಉಗುರಿನಿಂದ ಮೈಯನ್ನು ಕೆರೆದರು. ಜೇನುಬಣ್ಣದ ಒಂದು ಎಳೆ ಉಗುರಿಗೆ ಹತ್ತಿಕೊಂಡು ಬಂತು.

"ಯಜಮಾನ್ರೇ, ಇದು ಹೊಸದಲ್ಲ. ಬಳಸದೇ ಇರೋದು ಅಷ್ಟೆ."

"ಸೀಲ್ ಒಡೆದಿಲ್ವಲ್ಲ ಮೇಸ್ತ್ರೀ?"

"ಸೀಲ್ ಒಡೆದಿಲ್ಲ. ಒಳಗಿನ ಎಣ್ಣೆ ಒಣಗಿ ಅಂಟಾಗಿದೆ. ಹಿಂಗೇ ಕೂಡಿಸಿದ್ರೆ ನೀಡಲ್ ಎದ್ದದ್ದು ಕೂರಲ್ಲ, ಕೂತದ್ದು ಏಳಲ್ಲ. ಏಳದಿದ್ರೆ ಪವರ್ ಇಲ್ಲ ಅಷ್ಟೆ. ಕೂರದಿದ್ರೆ ಎಣ್ಣೆ ಸೋರಿ ಪಿಸ್ಟನ್ ಸುಡ್ತದೆ."

ತುಕ್ಕು ಹಿಡಿಯದಿರಲೆಂದು ಕಾರ್ಖಾನೆಯಲ್ಲಿ ಸವರಿ ಕಳಿಸಿದ ಎಣ್ಣೆ, ವರ್ಷಗಟ್ಟಲೆ ಅಟ್ಟದ ಸೆಕೆಯಲ್ಲಿ ಕೂತು ಅರಗಿನಂತಾಗಿತ್ತು. ಕಾಪಾಡಲು ಹಚ್ಚಿದ್ದೇ ಕಟ್ಟಿಹಾಕಿತ್ತು.

ನಾಜಲ್ ಎಂದರೆ ಎರಡೇ ತುಂಡು: ಒಂದು ಉಕ್ಕಿನ ಬಾಡಿ, ಅದರೊಳಗೆ ಉಕ್ಕಿನ ಸೂಜಿ, ಅಂದರೆ ನೀಡಲ್. ಎರಡರ ನಡುವಿನ ಸಂದು 2ರಿಂದ 4 ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದಿಟ್ಟುಕೊಳ್ಳಿ. ಒಂದು ಕೂದಲನ್ನು ಇಪ್ಪತ್ತು, ಮೂವತ್ತು ಸೀಳು ಮಾಡಿದರೆ ಒಂದು ಸೀಳು ಎಷ್ಟು ತೆಳ್ಳಗಿದ್ದೀತೋ, ಅಷ್ಟೇ ಜಾಗ. ಅಷ್ಟರಲ್ಲೇ ಸೂಜಿ ಓಡಾಡಬೇಕು, ಎಣ್ಣೆ ಮಾತ್ರ ಹಿಂದಕ್ಕೆ ನುಗ್ಗಬಾರದು. ಕಾರ್ಖಾನೆಯಲ್ಲಿ ಒಂದಕ್ಕೊಂದು ಹೊಂದಿಸಿ ಉಜ್ಜಿದ ಜೋಡಿ ಅದು. ಒಂದರ ಸೂಜಿ ಇನ್ನೊಂದರ ಬಾಡಿಗೆ ಸೇರುವುದಿಲ್ಲ. ಅದಕ್ಕೇ ಮೇಸ್ತ್ರಿ ನಾಲ್ಕು ಸ್ಟೀಲ್ ಲೋಟ ಸಾಲಾಗಿ ಇಟ್ಟು, ಒಂದೊಂದು ಜೋಡಿಯನ್ನೂ ಅದರದರ ಲೋಟದಲ್ಲೇ ತೊಳೆದರು. ಮೊದಲು ಥಿನ್ನರ್, ಆಮೇಲೆ ಸೋಸಿದ ಡೀಸೆಲ್. ಎಮರಿ ಕಾಗದವನ್ನು ಕಣ್ಣೆತ್ತಿಯೂ ನೋಡಲಿಲ್ಲ. ತುದಿಯ ಒಳಗೆ ಹಿತ್ತಾಳೆಯ ಕಡ್ಡಿ, ಹೊರಗೆ ಹಿತ್ತಾಳೆಯ ಬ್ರಷ್ಷು. ಹಿತ್ತಾಳೆ ತಾನು ಸವೆಯುತ್ತದೆ, ಉಕ್ಕಿಗೆ ಗೀರು ಹಾಕುವುದಿಲ್ಲ.

ಆಮೇಲೆ ಮಾಡಿದ ಪರೀಕ್ಷೆಯನ್ನು ನಾನು ಮರೆಯಲಾರೆ. ಡೀಸೆಲ್ಲಿನಲ್ಲಿ ಅದ್ದಿದ ಬಾಡಿಯನ್ನು ಓರೆಯಾಗಿ ಹಿಡಿದು, ಸೂಜಿಯನ್ನು ಮೂರನೇ ಒಂದು ಭಾಗ ಹೊರಗೆಳೆದು ಕೈ ಬಿಟ್ಟರು. ಸೂಜಿ ತನ್ನ ಭಾರಕ್ಕೇ ತಾನು ಮೆಲ್ಲಗೆ, ಎಲ್ಲೂ ತಡವರಿಸದೆ ಒಳಗಿಳಿಯಿತು. ಕೊನೆಗೆ ಟಕ್ ಎಂದಿತು. ಸೂಜಿಯನ್ನು ಸ್ವಲ್ಪ ತಿರುಗಿಸಿ ಮತ್ತೆ ಬಿಟ್ಟರು, ಮತ್ತೆ ಇಳಿಯಿತು. ಕಣ್ಣಿಗೆ ಕಾಣದ ಸಂದಿನ ನಿಖರತೆಯನ್ನು ಅಳೆಯಲು ಭೂಮಿಯ ಸೆಳೆತವೊಂದೇ ಸಾಕು! ಎರಡನೆಯದೂ ಹಾಗೇ ಇಳಿಯಿತು. ಮೂರನೆಯದು ಅರ್ಧದಲ್ಲಿ ನಿಂತಿತು. ಇನ್ನೊಮ್ಮೆ ತೊಳೆದ ಮೇಲೆ ಇಳಿಯಿತು. ನಾಲ್ಕನೆಯದರ ಸೂಜಿ ಹೊರಗೇ ಬರಲಿಲ್ಲ. ಮಾವ ಇಕ್ಕಳದ ಮಾತೆತ್ತಿದರು. ಮೇಸ್ತ್ರಿ ತಲೆಯಾಡಿಸಿ ಅದನ್ನು ಥಿನ್ನರಿನಲ್ಲಿ ಮುಳುಗಿಸಿ ಮುಚ್ಚಿಟ್ಟರು. "ಬಲ ಹಾಕ್ಬಾರ್ದು. ಮಧ್ಯಾಹ್ನ ಬನ್ನಿ."

ಆ ಬಿಡುವಿನಲ್ಲಿ ಲೇಪಾಕ್ಷಿಗೆ ಹೋದೆವು. ಅಚ್ಯುತದೇವರಾಯನ ಕಾಲದಲ್ಲಿ ಪೆನುಕೊಂಡದ ಅಧಿಕಾರಿ ವಿರೂಪಣ್ಣ ಕಟ್ಟಿಸಿದ ವೀರಭದ್ರ ಗುಡಿ. ಗೋಡೆಗಳ ಮೇಲಿನ ಕನ್ನಡ ಶಾಸನಗಳ ಮೇಲೆ ಬೆರಳಾಡಿಸುತ್ತಾ ಮಾವ ಓದಲು ನೋಡಿದರು. ಕೆಲವು ಅಕ್ಷರ ಸಿಕ್ಕವು, ಹಲವು ಸಿಗಲಿಲ್ಲ. ಮಂಟಪದಲ್ಲಿ ಎಂದಿನಂತೆ ಜನ ತೂಗುಕಂಬದ ಸುತ್ತ ನೆರೆದು, ಬುಡದ ಸಂದಿನಲ್ಲಿ ವಲ್ಲಿ ತೂರಿಸಿ ಆಚೆಯಿಂದ ಎಳೆಯುತ್ತಿದ್ದರು. ಹಿಂದೆ ಬಂದಾಗಲೂ ನಾನು ಅದನ್ನು ನೋಡಿದ್ದೇನೆ. ಈ ಸಲ ಮಾತ್ರ ಕಲ್ಲಿನ ಕೆಳಗಿನ ಆ ಸಂದು ನನಗೆ ವಿಪರೀತ ಅಗಲವಾಗಿ ಕಂಡಿತು. ಬೆಳಿಗ್ಗೆಯ ನಾಜಲ್ಲಿನ ಸಂದಿನಲ್ಲಿ ಬಟ್ಟೆಯ ಒಂದು ನೂಲೂ ತೂರುವಂತಿಲ್ಲ. ಚಾವಣಿಯ ಚಿತ್ರಗಳ ಕೆಳಗೆ ಕತ್ತೆತ್ತಿ ನಿಂತಿದ್ದಾಗಲೂ ನನ್ನ ಮನಸ್ಸು ಆ ಲೋಟದ ಹತ್ತಿರವೇ ಇತ್ತು.

ವಾಪಸ್ ಬಂದಾಗ ನಾಲ್ಕನೆಯ ಸೂಜಿ ಬಿಟ್ಟುಕೊಂಡಿತ್ತು. ಮೇಸ್ತ್ರಿ ಅದನ್ನು ಬದಿಗಿಟ್ಟು, ಮೊದಲಿನ ಮೂರನ್ನು ಸ್ಪ್ರಿಂಗಿರುವ ಹೋಲ್ಡರಿಗೆ ಕೂಡಿಸಿ ಕ್ಯಾಪ್ ನಟ್ಟನ್ನು ಟಾರ್ಕ್ ವ್ರೆಂಚಿನಲ್ಲಿ ಬಿಗಿದರು. ಹೆಚ್ಚು ಬಿಗಿದರೆ ಬಾಡಿ ಹಿಸುಕಿ ಸೂಜಿ ಮತ್ತೆ ಹಿಡಿದುಕೊಳ್ಳುತ್ತದೆ. ಟೆಸ್ಟರ್ ಅನ್ನುವುದು ಸರಳ ಯಂತ್ರ: ಮೇಲೆ ಎಣ್ಣೆ ಬಟ್ಟಲು, ಪಕ್ಕದಲ್ಲಿ ಉದ್ದದ ಹಿಡಿ, ಎದುರಿಗೆ ಒತ್ತಡ ತೋರುವ ಗೇಜು. ಹಿಡಿ ಒತ್ತುವ ಮೊದಲು ಅವರು ನನ್ನ ಕೈಯನ್ನು ಹಿಂದಕ್ಕೆ ಸರಿಸಿದರು. ಆ ಎಣ್ಣೆ ಚರ್ಮ ತೂರಿ ಮಾಂಸಕ್ಕೆ ಇಳಿಯಬಲ್ಲದು. ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ, ಮೊದಮೊದಲು ನೋವೂ ಇರುವುದಿಲ್ಲ. ಆದರೆ ತಕ್ಷಣ ಆಸ್ಪತ್ರೆಗೆ ಹೋಗಿ ಕೊಯ್ದು ತೊಳೆಸದಿದ್ದರೆ ಬೆರಳೇ ಹೋಗಬಹುದು. ಹಾಗಾಗಿ ಚಿಮ್ಮುವ ದಿಕ್ಕಿಗೆ ಯಾರೂ ನಿಲ್ಲುವಂತಿಲ್ಲ.

ಹಿಡಿ ನಿಧಾನಕ್ಕೆ ಕೆಳಗಿಳಿಯಿತು. ಗೇಜಿನ ಮುಳ್ಳು ಏರುತ್ತಾ ಹೋಯಿತು: 100, 150, 180. ಮಾವ ಉಸಿರು ಹಿಡಿದಿದ್ದರು. ಮುಳ್ಳು 190ರ ಹತ್ತಿರ ತಲುಪಿದಾಗ ನಾಜಲ್ ಕೂಗಿತು. ಜೀರುಂಡೆ ಒಂದೇ ಉಸಿರಿಗೆ ಕೂಗಿದ ಹಾಗೆ, ಗರಗರ ಎಂಬ ಚೂಪು ದನಿ. ಅದರ ಜೊತೆಗೇ ತುದಿಯ ನಾಲ್ಕು ತೂತುಗಳಿಂದ ನಾಲ್ಕು ಮಂಜಿನ ಗರಿಗಳು ಬಿಚ್ಚಿಕೊಂಡವು. ಕೂದಲಿಗಿಂತ ಕೆಲವೇ ಪಾಲು ದೊಡ್ಡದಾದ ತೂತುಗಳು. ಆ ದನಿ ಸೂಜಿಯದು: ಒತ್ತಡಕ್ಕೆ ಏಳುತ್ತದೆ, ಒತ್ತಡ ಇಳಿದೊಡನೆ ಸ್ಪ್ರಿಂಗು ಅದನ್ನು ಕೂರಿಸುತ್ತದೆ, ಮತ್ತೆ ಏಳುತ್ತದೆ. ಅದು ಕೂಗಿತೆಂದರೆ ಸೂಜಿಗೆ ಜೀವವಿದೆ ಎಂದೇ ಲೆಕ್ಕ.

ಟ್ರ್ಯಾಕ್ಟರಿನ ಪುಸ್ತಕದ ಪ್ರಕಾರ ಬೇಕಾದದ್ದು 200 ಬಾರ್. ಮೇಸ್ತ್ರಿ ಹೋಲ್ಡರ್ ಬಿಚ್ಚಿ, ಸ್ಪ್ರಿಂಗಿನ ಮೇಲೆ ಕಾಗದದಷ್ಟು ತೆಳ್ಳಗಿನ ಒಂದು ಶಿಮ್ ಇಟ್ಟರು. ಮಿಲಿಮೀಟರಿನ ಹತ್ತನೇ ಒಂದು ಭಾಗ. ಮುಳ್ಳು 200 ದಾಟಿ ತುಸು ಮೇಲೆ ನಿಂತಿತು. ಓಡುತ್ತಾ ಓಡುತ್ತಾ ಸ್ಪ್ರಿಂಗು ಕುಸಿಯುವುದಕ್ಕೆ ಅಷ್ಟು ಹೆಚ್ಚಿಗೆ ಕೊಡಬೇಕಂತೆ. ಆಮೇಲೆ ಒತ್ತಡವನ್ನು 180ಕ್ಕೆ ತಂದು, ತುದಿಯನ್ನು ಒರೆಸಿ, ಹತ್ತು ಸೆಕೆಂಡು ಹಿಡಿದರು. ತುದಿ ಒಣಗಿಯೇ ಇತ್ತು. ಮೂರೂ ಪಾಸಾದವು. ನಾಲ್ಕನೆಯದನ್ನೂ ನಮ್ಮ ಸಮಾಧಾನಕ್ಕೆ ಏರಿಸಿದರು. ಅದು ಕೂಗಲಿಲ್ಲ. ಒಂದು ಕಡೆಗೆ ಪಿಚಕಾರಿಯಂತೆ ಹಾರಿ, ತುದಿಯಲ್ಲಿ ಹನಿ ಕಟ್ಟಿತು. ಭೂತಗನ್ನಡಿಯಲ್ಲಿ ನೋಡಿದರೆ ಸೂಜಿ ಕೂರುವ ಅಂಚಿನಲ್ಲಿ ಕಂದು ಚುಕ್ಕೆ, ತುಕ್ಕು ತಿಂದ ಗುರುತು. ಪೆಟ್ಟಿಗೆಯೊಳಗೆ ಅದನ್ನೂ ಉಳಿದ ಮೂರನ್ನೂ ಬೇರೆ ಮಾಡುವ ಯಾವ ಗುರುತೂ ಇರಲಿಲ್ಲ.

ಆ ಒಂದು ಹನಿ ಎಷ್ಟು ದೊಡ್ಡದೆಂದು ನನಗೆ ಅರ್ಥವಾದದ್ದು ಮೇಸ್ತ್ರಿಯ ಜೊತೆ ಚಹಾ ಕುಡಿಯುತ್ತಾ ಲೆಕ್ಕ ಹಾಕಿದಾಗ. ಟ್ರ್ಯಾಕ್ಟರಿನ ಎಂಜಿನ್ನು ನಿಮಿಷಕ್ಕೆ 2000 ಸುತ್ತು ಸುತ್ತಿದರೆ ಒಂದೊಂದು ನಾಜಲ್ಲೂ 1000 ಸಲ ತೆರೆದು ಮುಚ್ಚುತ್ತದೆ. ಒಂದು ಸಲಕ್ಕೆ ಸಿಗುವ ಸಮಯ ಸೆಕೆಂಡಿನ ಐನೂರನೇ ಒಂದು ಭಾಗದಷ್ಟು. ಭಾರ ಎಳೆಯುವಾಗಲೂ ಒಳಗೆ ಹೋಗುವ ಎಣ್ಣೆ ಹೆಚ್ಚೂ ಕಡಿಮೆ ಒಂದು ಹನಿ. ಕಿಡಿ ಹೊತ್ತಿಸುವ ಪ್ಲಗ್ಗಿಲ್ಲ. ಹದಿನಾರು, ಹದಿನೇಳರಲ್ಲಿ ಒಂದು ಪಾಲಿಗೆ ಒತ್ತಿದ ಗಾಳಿಯ ಕಾವು 500 ಡಿಗ್ರಿ ದಾಟಿರುತ್ತದೆ, ಮಂಜು ತಗುಲಿದೊಡನೆ ಹೊತ್ತಿಕೊಳ್ಳುತ್ತದೆ. ಮಂಜಾಗದೆ ಹನಿಯಾಗಿ ಬಿದ್ದದ್ದು ಹೊತ್ತದೆ ಹೊಗೆಯಾಗುತ್ತದೆ, ಇಲ್ಲವೇ ಪಿಸ್ಟನ್ನಿನ ಮೇಲೆ ಕೂತು ಉರಿಯುತ್ತದೆ. ನೂರಾರು ಚೀಲ ಹೊತ್ತು ನಮ್ಮ ಪಕ್ಕದಲ್ಲಿ ಓಡುತ್ತಿರುವ ಈ ಲಾರಿಗಳೆಲ್ಲ ಇಂಥ ಹನಿಗಳ ಲೆಕ್ಕದ ಮೇಲೆಯೇ ಓಡುತ್ತಿವೆ! ಈಗಿನ ಕಾಮನ್ ರೈಲ್ ಗಾಡಿಗಳಲ್ಲಂತೂ ಒತ್ತಡ 1500, 2000 ಬಾರ್. ತೆರೆಯುವ ಅಪ್ಪಣೆ ಕಂಪ್ಯೂಟರಿನದು. ಅವಕ್ಕೆ ಈ ಕೈ ಟೆಸ್ಟರ್ ಸಾಲದು, ಬೇರೆ ಬೆಂಚೇ ಬೇಕು.

ಸಂಜೆ ಮೇಸ್ತ್ರಿ ಬೈಕಿನಲ್ಲಿ ನಮ್ಮ ಹಿಂದೆಯೇ ಜಮೀನಿಗೆ ಬಂದರು. ನಾಜಲ್‌ಗಳ ಬಾಯಿಗೆ ಹಾಕಿದ್ದ ಪ್ಲಾಸ್ಟಿಕ್ ಟೊಪ್ಪಿಗೆಗಳನ್ನು ಕೂಡಿಸುವ ಗಳಿಗೆಯವರೆಗೂ ತೆಗೆಯಲಿಲ್ಲ. ಹೆಡ್ಡಿನ ತೂತುಗಳಲ್ಲಿ ಅಂಟಿದ್ದ ಹಳೆಯ ತಾಮ್ರದ ವಾಷರುಗಳನ್ನು ಹುಡುಕಿ ತೆಗೆದರು. ಹಳೆಯದರ ಮೇಲೆ ಹೊಸದು ಕೂತರೆ ನಾಜಲ್ಲಿನ ಎತ್ತರವೇ ತಪ್ಪುತ್ತದೆ. ಹೊಸ ವಾಷರು, ರಿಟರ್ನ್ ಪೈಪು, ಆಮೇಲೆ ಗಾಳಿ ತೆಗೆಯುವ ಕೆಲಸ. ನಾಲ್ಕೈದು ಸುತ್ತು ತಿರುಗಿದೊಡನೆ ಎಂಜಿನ್ನು ಸ್ಟಾರ್ಟ್ ಆಯಿತು. ಮೊದಲು ಬಿಳಿ ಹೊಗೆ, ಆಮೇಲೆ ತೆಳ್ಳಗೆ, ಆಮೇಲೆ ಏನೂ ಇಲ್ಲ.

ಕೊನೆಯ ಪರೀಕ್ಷೆ ಬಾಕಿಯಿತ್ತು. ಎಂಜಿನ್ನು ಸಣ್ಣಗೆ ಓಡುತ್ತಿರುವಾಗಲೇ, ನಟ್ಟಿನ ಮೇಲೆ ದಪ್ಪ ಬಟ್ಟೆ ಸುತ್ತಿ, ಒಂದು ಪೈಪನ್ನು ಅರ್ಧ ಸುತ್ತು ಸಡಿಲಿಸಿದರು. ಆ ಸಿಲಿಂಡರು ಸುಮ್ಮನಾಗಿ ಎಂಜಿನ್ನಿನ ದನಿ ಕುಸಿಯಿತು. ಬಿಗಿದಾಗ ಮತ್ತೆ ಏರಿತು. ಎರಡನೆಯದನ್ನು ಸಡಿಲಿಸಿದಾಗ ಅಷ್ಟೇ ಕುಸಿಯಿತು, ಮೂರನೆಯದಕ್ಕೂ ಅಷ್ಟೇ. ಮೂರೂ ಸಮವಾಗಿ ಹೊರೆ ಹೊರುತ್ತಿವೆ ಎಂದು ಮೇಸ್ತ್ರಿ ಮೂರು ಬೆರಳೆತ್ತಿ ತೋರಿಸಿದರು. ಮಾವ ಎಂಜಿನ್ನು ನಿಲ್ಲಿಸಲೇ ಇಲ್ಲ. ಹಾಗೇ ಸೀಟಿಗೆ ಹತ್ತಿ, ಕತ್ತಲಾಗುವ ಮುಂಚೆ ಕೆರೆ ಕಡೆಯ ತುಂಡನ್ನಾದರೂ ಉಳೋಣವೆಂದು ನೇಗಿಲು ಕಟ್ಟಲು ಆಳನ್ನು ಕೂಗಿದರು.