ಸಾಂಬ್ರಾದಿಂದ ರೇಣಿಗುಂಟಕ್ಕೆ ಒಂದೂಕಾಲು ತಾಸು

ನಮ್ಮ ಸೀಮೆಯವರು ತಿರುಪತಿಗೆ ಹೋಗಲು ಹರಿಪ್ರಿಯಾ ಎಕ್ಸ್‌ಪ್ರೆಸ್ ಹಿಡಿಯುವುದು ರೂಢಿ. ಆ ಗಾಡಿ ಬೆಳಗಾವಿ ಬಿಟ್ಟು ಲೋಂಡಾದ ಕಾಡು ಸುತ್ತಿ, ಧಾರವಾಡ, ಗದಗ, ಬಳ್ಳಾರಿ, ಗುಂತಕಲ್ ಹಾಯ್ದು ರಾತ್ರಿಯಿಡೀ ಓಡುತ್ತದೆ. ಬೆಳಗಾವಿಯ ವಿಮಾನ ನಿಲ್ದಾಣವಿರುವ ಸಾಂಬ್ರಾದಿಂದ ತಿರುಪತಿಯ ವಿಮಾನ ನಿಲ್ದಾಣವಿರುವ ರೇಣಿಗುಂಟಕ್ಕೆ ಆಕಾಶದಲ್ಲಿ ನೇರ ಗೆರೆ ಎಳೆದರೆ ಸುಮಾರು 585 ಕಿಲೋಮೀಟರ್. ಜೆಟ್ ವಿಮಾನಕ್ಕೆ ಅದು ಒಂದೂಕಾಲು ತಾಸಿನ ಹಾದಿ.

ಆ ವಿಮಾನ ಹಿಡಿಯಲು ನಮ್ಮ ಸಂಗೊಳ್ಳಿ ಬಿಟ್ಟಿದ್ದೇವೆ. ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆ, ಹೊಳೆಯೊಳಗೆ ಗಂಗಾಂಬಿಕೆಯ ಐಕ್ಯಮಂಟಪ. ಅಲ್ಲಿಂದ ಹೆದ್ದಾರಿ, ಹಿರೇಬಾಗೇವಾಡಿ, ದಿಬ್ಬದ ಮೇಲೆ ಬೆಳ್ಳಗೆ ಸುವರ್ಣ ವಿಧಾನಸೌಧ. ಬೆಳಗಾವಿಯ ಗದ್ದಲ ದಾಟಿ ಸಾಂಬ್ರಾ ಮುಟ್ಟುವಷ್ಟರಲ್ಲಿ ಒಂದೂಕಾಲು ತಾಸು ಇಲ್ಲೇ ಮುಗಿದಿದೆ!

1942ರಲ್ಲಿ ಬ್ರಿಟಿಷರ ವಾಯುಪಡೆ ಕಟ್ಟಿದ ನಿಲ್ದಾಣವಿದು. ವಾಯುಪಡೆಯ ತರಬೇತಿ ಶಾಲೆ ಇಂದಿಗೂ ಪಕ್ಕದಲ್ಲಿದೆ; ಪ್ರಯಾಣಿಕರ ಹೊಸ ಕಟ್ಟಡ 2017ರದು. ಕೌಂಟರಿನಲ್ಲಿ ನನ್ನ ಮುಂದಿದ್ದ ಅಜ್ಜಿಯ ಚೀಲದಿಂದ ಒಣ ಕೊಬ್ಬರಿ ಬಟ್ಟಲು ಹೊರಬಂದಿವೆ. ಅದರಲ್ಲಿ ಎಣ್ಣೆ ಇರುತ್ತದೆ, ಬೆಂಕಿಗೆ ಬೇಗ ಸಿಗುತ್ತದೆ, ವಿಮಾನದಲ್ಲಿ ಬಿಡುವುದಿಲ್ಲ ಎನ್ನುತ್ತಾನೆ ಹುಡುಗ. "ದೇವರ ಕೊಬ್ಬರಿ ಅದ ತಮ್ಮಾ, ತಾನಾಗೇ ಹ್ಯಾಂಗ ಉರೀತೈತಿ?" ವಾದ ನಡೆಯಲಿಲ್ಲ. ಕೊಬ್ಬರಿ ಹೊರಗೆ ನಿಂತಿದ್ದ ಮಗನ ಕೈ ಸೇರಿತು. ವಿಮಾನ ಏರುವುದನ್ನು ನೋಡಿಯೇ ಊರಿಗೆ ಹೋಗುತ್ತೇನೆಂದು ಅವನು ಬೇಲಿಯ ಹತ್ತಿರ ನಡೆದ.

ಸ್ಟಾರ್ ಏರ್‌ನ ಪುಟ್ಟ ಎಂಬ್ರೇರ್ ಜೆಟ್. ಐವತ್ತೇ ಸೀಟು, ಎಡಕ್ಕೆ ಒಂಟಿ ಸಾಲು, ಬಲಕ್ಕೆ ಜೋಡಿ. ಒಳಗೆ ತಲೆ ಬಗ್ಗಿಸಿಯೇ ನಡೆಯಬೇಕು, ಚೀಲ ಇಡಲು ಜಾಗ ಸಾಲದು. ಆದರೆ ನನಗೆ ಸಿಕ್ಕ ಒಂಟಿ ಸೀಟಿಗೆ ಇಡೀ ಕಿಟಕಿ ನನ್ನದೇ.

ನಾನು ಎಣಿಸಿರದ ಸಂಗತಿ ಮೇಲೇರಿದ ಮೇಲೆ ನಡೆಯುತ್ತದೆ. ತಿರುಪತಿ ಆಗ್ನೇಯಕ್ಕಿದೆ, ಹಾಗಾಗಿ ವಿಮಾನ ನಾವು ಬಿಟ್ಟುಬಂದ ಸೀಮೆಯ ಮೇಲೆಯೇ ಮರಳಿ ಬರುತ್ತದೆ. ಐದಾರು ನಿಮಿಷಗಳಲ್ಲಿ ಕೆಳಗೆ ಬೈಲಹೊಂಗಲ! ಎರೆಹೊಲದ ಕಪ್ಪು, ಕಬ್ಬಿನ ಹಸಿರು, ನಡುವೆ ಬೆಳ್ಳಿಯ ಎಳೆಯಂತೆ ಮಲಪ್ರಭೆ. ದಂಡೆಗುಂಟ ನಡೆದು ಬೆಳೆದ ನನಗೆ ಈ ಹೊಳೆ ಇಷ್ಟು ತಿರುವು ತಿರುಗುತ್ತದೆಂದು ಗೊತ್ತೇ ಇರಲಿಲ್ಲ. ಎಡಕ್ಕೆ ದೂರದಲ್ಲಿ ನವಿಲುತೀರ್ಥದ ಹಿನ್ನೀರು. ಸವದತ್ತಿ ಎಂದೊಡನೆ ಹಿಂದಿನ ಸೀಟಿನ ಅಜ್ಜಿ ಗಾಜಿಗೆ ಹಣೆ ಹಚ್ಚಿ ಯಲ್ಲಮ್ಮನಿಗೆ ಕೈ ಮುಗಿಯುತ್ತಾರೆ.

ಕಾಲು ತಾಸಿನಲ್ಲಿ ಅದೇ ಎಡಕ್ಕೆ ತುಂಗಭದ್ರೆಯ ಜಲಾಶಯ. ಒಂದು ಹಿನ್ನೀರಿನಿಂದ ಇನ್ನೊಂದಕ್ಕೆ ಇಷ್ಟೇ ಹೊತ್ತೇ? ಆಮೇಲೆ ನೆಲದ ಬಣ್ಣ ಬದಲಾಗುತ್ತದೆ. ನಮ್ಮ ಕಪ್ಪು ಹಿಂದುಳಿದು ಕೆಮ್ಮಣ್ಣು, ಬಂಡೆಗುಡ್ಡ, ಒಣಗಿದ ಕೆರೆಗಳು. ರಾಯಲಸೀಮೆ ಬಂದಿತು. ಚಹಾ ಕುಡಿದು ಮುಗಿಸುವಷ್ಟರಲ್ಲಿ ಶೇಷಾಚಲದ ಸಾಲು ಕಿಟಕಿ ತುಂಬ ನಿಂತಿದೆ.

ರೇಣಿಗುಂಟದಲ್ಲಿ ಇಳಿದರೆ ಬಿಸಿಲು ನಮ್ಮೂರಿಗಿಂತ ಭಾರ. ಅಜ್ಜಿ ಮಗನಿಗೆ ಫೋನು ಹಚ್ಚಿದ್ದಾರೆ. "ಮುಟ್ಟಿದೆವಪಾ." ಆ ಕಡೆಯ ದನಿ ನನಗೂ ಕೇಳುತ್ತದೆ: "ಸುಳ್ಳ ಹೇಳಬ್ಯಾಡ ಯವ್ವಾ, ನಾ ಈಗ ಸಂಪಗಾಂವ ದಾಟೀನಿ!"