ಆಟದ ಪಕ್ಕ ಕೂತವರು

ಕಾಪುವಿನ ಗೆಳತಿಗೆ,

ನಿಮ್ಮ ಕಾಗದ ಕೈಸೇರಿದ ದಿನ ಇಲ್ಲಿ ಉಡುಪಿಯಲ್ಲಿ ತುಳುವಿನ ಆಟಿ ತಿಂಗಳ ಮಳೆ ಹೊಯ್ಯುತ್ತಿತ್ತು. ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಕೊಟ್ಟಿದ್ದರು. ಇಂಥದೇ ಒಂದು ಮಳೆರಜೆಯಲ್ಲಿ ನಿಮ್ಮ ಹನ್ನೊಂದು ವರ್ಷದ ಮಗ ಊಟಕ್ಕೂ ಏಳದೆ ಮೊಬೈಲಿನಲ್ಲಿ ಗುಂಡು ಹಾರಿಸುತ್ತಾ ಕೂತದ್ದು, ನೀವು ಅದನ್ನು ಕಿತ್ತುಕೊಂಡದ್ದು, ಅವನು ಬಾಗಿಲಿಗೆ ಒದ್ದು ಹೋದದ್ದು, ಎಲ್ಲವನ್ನೂ ಬರೆದಿದ್ದೀರಿ. "ಯಜಮಾನರು ದುಬೈಯಲ್ಲಿದ್ದಾರೆ, ಮೊಬೈಲ್ ಕಳಿಸಿದ್ದೂ ಅವರೇ, ಈಗ ಮಗನ ಪಾಲಿಗೆ ಕೆಟ್ಟವಳಾದದ್ದು ನಾನು" ಎಂಬ ಸಾಲನ್ನು ಎರಡು ಸಲ ಓದಿದೆ. ಕೊನೆಗೆ ಕೇಳಿದ್ದೀರಿ: ಇಂಥ ಆಟಗಳನ್ನು ಸರ್ಕಾರ ಯಾಕೆ ಬಂದ್ ಮಾಡುವುದಿಲ್ಲ?

ಬಂದ್ ಮಾಡಿತ್ತಲ್ಲ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿಯೂ ಸೇರಿದಂತೆ 118 ಆ್ಯಪ್‌ಗಳನ್ನು ಕೇಂದ್ರ ಸರ್ಕಾರ ನಿಷೇಧಿಸಿತು. ಅದಕ್ಕೆ ಕೊಟ್ಟ ಕಾರಣ ದೇಶದ ಭದ್ರತೆ. ಮಕ್ಕಳ ಮಾತು ಅಲ್ಲಿ ಬರಲಿಲ್ಲ. ಏಳು ತಿಂಗಳು ಕಳೆದು 2021ರ ಏಪ್ರಿಲ್‌ನಲ್ಲಿ ಮಂಗಳೂರಿನಾಚೆಯ ಕೆ.ಸಿ. ರೋಡಿನಲ್ಲಿ ಹನ್ನೆರಡು ವರ್ಷದ ಬಾಲಕನ ಶವ ಸಿಕ್ಕಿತು. ನಿಷೇಧಗೊಂಡಿದ್ದ ಅದೇ ಪಬ್‌ಜಿಯ ಸೋಲು ಗೆಲುವಿನ ಜಗಳ ಕಲ್ಲಿನ ಏಟಿನವರೆಗೆ ಹೋಯಿತೆಂದು ಪೊಲೀಸರು ಹೇಳಿದರು. ಸಿಕ್ಕಿಬಿದ್ದವನಿಗೆ ಹದಿನೇಳು ವರ್ಷ. ಇಬ್ಬರೂ ಮಕ್ಕಳೇ. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಗ ನೆನಪಾದವರು ಅಬ್ಬಗ ದಾರಗ. ಹಿರಿಯಡ್ಕದಲ್ಲೋ ನಂದಳಿಕೆಯಲ್ಲೋ ಸಿರಿ ಜಾತ್ರೆ ನೋಡಿದವರು ನೀವು, ಕಥೆ ನಿಮಗೆ ಗೊತ್ತು. ತುಳು ಪಾಡ್ದನದ ಸಿರಿಯ ಮೊಮ್ಮಕ್ಕಳು, ಅವಳ ಮಗಳು ಸೊನ್ನೆಯ ಅವಳಿ ಹೆಣ್ಣುಮಕ್ಕಳು. ಅಪ್ಪ ಅಮ್ಮ ಮನೆಯಲ್ಲಿಲ್ಲದ ಹೊತ್ತು ಇಬ್ಬರೂ ಚೆನ್ನೆ ಆಡಲು ಕೂರುತ್ತಾರೆ. ಆಟ ಜಗಳಕ್ಕೆ ತಿರುಗುತ್ತದೆ. ಅಕ್ಕ ಚೆನ್ನೆಮಣೆಯನ್ನೇ ಎತ್ತಿ ತಂಗಿಗೆ ಹೊಡೆಯುತ್ತಾಳೆ. ತಂಗಿ ಸತ್ತಳೆಂದು ತಿಳಿದಾಗ ತಾನೂ ಬಾವಿಗೆ ಹಾರುತ್ತಾಳೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಕಾಯಿ. ಆ ಮಣೆಯಲ್ಲಿ ಬಂದೂಕೂ ಇಲ್ಲ, ರಕ್ತವೂ ಇಲ್ಲ. ಆದರೂ ಒಂದು ಮನೆಯ ಎರಡು ಜೀವ ಹೋಯಿತು.

ಈ ಕಥೆಯನ್ನು ಪಾಡ್ದನದಲ್ಲಿ ಹಾಡಿಕೊಂಡು ಬಂದ ನಮ್ಮ ಹಿರಿಯರು ಚೆನ್ನೆಮಣೆಯನ್ನು ಒಲೆಗೆ ಹಾಕಲಿಲ್ಲ. ಒಡಹುಟ್ಟಿದ ಅಕ್ಕತಂಗಿಯರು ಎದುರುಬದುರು ಕೂತು ಆಡಬಾರದೆಂದರು. ಬೇಸಾಯದ ಕೆಲಸ ಮುಗಿದ ಆಟಿಯಲ್ಲಿ ಆಡಿ, ಆಮೇಲೆ ಮಣೆಯನ್ನು ಎತ್ತಿಡಿ ಎಂದರು. ಯಾರು ಆಡಬಹುದು, ಯಾವಾಗ, ಎಷ್ಟು ದಿನ, ಎಲ್ಲಕ್ಕೂ ಕಟ್ಟು ಹಾಕಿದರು. ಅದನ್ನು ಕಾಯುತ್ತಿದ್ದವಳು ಜಗಲಿಯಲ್ಲಿ ಕೂತ ಅಜ್ಜಿ. ನನ್ನ ಮಟ್ಟಿಗೆ ನಮ್ಮ ಸೀಮೆಯ ಮೊದಲ ವಯೋಮಿತಿಯ ಮುದ್ರೆ ಆ ಕಟ್ಟೇ.

ಈಗಿನ ಮುದ್ರೆಯ ವಿಷಯಕ್ಕೆ ಬರುತ್ತೇನೆ. ಪ್ಲೇಸ್ಟೋರಿನಲ್ಲಿ ಪ್ರತಿ ಆಟದ ಹೆಸರಿನ ಕೆಳಗೆ 3+, 7+, 12+, 16+, 18+ ಎಂದು ಸಣ್ಣದಾಗಿ ಬರೆದಿರುತ್ತದೆ. ಆಟ ತಯಾರಿಸಿದವರೇ ಒಂದು ಪ್ರಶ್ನಾವಳಿ ತುಂಬುತ್ತಾರೆ, ಅವರ ಉತ್ತರದ ಮೇಲೆ ಆ ಅಂಕಿ ಬೀಳುತ್ತದೆ. ಅಮೆರಿಕದಲ್ಲಿ 1994ರಲ್ಲಿ, ಯುರೋಪಿನಲ್ಲಿ 2003ರಲ್ಲಿ ಇದಕ್ಕೆಂದೇ ಮಂಡಳಿಗಳು ಬಂದವು. ಯುರೋಪಿನ ಮಂಡಳಿ ಪಬ್‌ಜಿಗೆ 16 ಎಂದಿದೆ, ಜಿಟಿಎ-5ಕ್ಕೆ 18. ನಮ್ಮಲ್ಲಿ ಸಿನಿಮಾಕ್ಕೆ ಸೆನ್ಸಾರ್ ಮಂಡಳಿಯಿದೆ. ಆಟಗಳಿಗೆ ಅಂಥ ಮಂಡಳಿಯಿಲ್ಲ. 'ಎ' ಸಿನಿಮಾಕ್ಕೆ ಹುಡುಗನೊಬ್ಬ ಬಂದರೆ ಥಿಯೇಟರಿನ ಬಾಗಿಲಲ್ಲಿ ಟಿಕೆಟ್ ಹರಿಯುವವನಾದರೂ ತಡೆದಾನು. ಮೊಬೈಲಿನ ಬಾಗಿಲಲ್ಲಿ ಯಾರಿದ್ದಾರೆ?

ಪಬ್‌ಜಿಯ ಜಾಗಕ್ಕೆ 2021ರ ಜುಲೈಯಲ್ಲಿ ಬಿಜಿಎಂಐ ಬಂತು. ಒಂದು ವರ್ಷಕ್ಕೆ ಅದಕ್ಕೂ ತಡೆ ಬಿತ್ತು, 2023ರ ಮೇಯಲ್ಲಿ ಮತ್ತೆ ತೆರೆಯಿತು. ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರು ಗಂಟೆ ಮಾತ್ರ, ಹೆತ್ತವರ ಒಪ್ಪಿಗೆ ಬೇಕು ಎಂಬ ನಿಯಮ ಅದರಲ್ಲಿದೆ. ಕೆಂಪು ರಕ್ತವನ್ನು ಹಸಿರು ಮಾಡಿದರು. ಇಷ್ಟೆಲ್ಲ ಸರಿ. ಆದರೆ ವಯಸ್ಸು ಕೇಳುವ ಪರದೆಯಲ್ಲಿ ಬೆರಳು ಒತ್ತುವವನು ಮಗು. ಮೊಬೈಲ್ ಅಮ್ಮನ ಹೆಸರಿನದು, ಇಮೇಲ್ ಅಪ್ಪನದು. ಕಂಪನಿಯ ಲೆಕ್ಕದಲ್ಲಿ ಆಡುತ್ತಿರುವವನಿಗೆ ನಲವತ್ತು ವರ್ಷ.

ಹೋದ ಬೇಸಗೆಯಲ್ಲಿ ಕಾರ್ಕಳದ ತಂಗಿಯ ಮನೆಗೆ ಹೋಗಿದ್ದಾಗ ಇದೇ ಆಟ ಆಡುತ್ತಿದ್ದ, ನಿಮ್ಮ ಮಗನದೇ ವಯಸ್ಸಿನ ಅವಳ ಮಗನ ಪಕ್ಕ ಕೂತು "ನನಗೂ ಕಲಿಸು ಮಾರಾಯ" ಎಂದೆ. ಅವನ ಮುಖ ಅರಳಿತು. ವಿಮಾನದಿಂದ ನೂರು ಜನ ಒಂದು ದ್ವೀಪಕ್ಕೆ ಹಾರುತ್ತಾರೆ. ಮನೆ ಮನೆ ಹೊಕ್ಕು ಬಂದೂಕು, ಹೆಲ್ಮೆಟ್ಟು, ಮದ್ದಿನ ಪೆಟ್ಟಿಗೆ ಹೆಕ್ಕಬೇಕು. ಹೊರಗಿನಿಂದ ನೀಲಿ ಗೆರೆಯ ವೃತ್ತವೊಂದು ಕಿರಿದಾಗುತ್ತಾ ಬರುತ್ತದೆ. "ದೊಡ್ಡಮ್ಮ, ಝೋನ್ ಬಂತು, ಓಡಿ ಓಡಿ!" ಅವನ ಕಿವಿಯಲ್ಲಿದ್ದ ಇಯರ್‌ಫೋನಿನ ಒಂದು ಎಳೆಯನ್ನು ನನ್ನ ಕಿವಿಗೆ ಸಿಕ್ಕಿಸಿಕೊಂಡೆ. ಆಗ ಕೇಳಿಸಿತು. ಯಾವುದೋ ಊರಿನ, ಮೀಸೆ ಬಂದ ಗಂಡಸಿನ ದನಿ, ಹನ್ನೊಂದರ ಹುಡುಗನಿಗೆ ತಾಯಿ ಹಿಡಿದು ಬೈಯುತ್ತಿತ್ತು. ತಂಗಿಯ ಮಗ ಬೆಚ್ಚಲಿಲ್ಲ. ಅವನಿಗೆ ಅಭ್ಯಾಸವಾಗಿತ್ತು. ನನಗೆ ಗುಂಡಿಗಿಂತ ಹೆಚ್ಚು ಭಯವಾದದ್ದು ಅದಕ್ಕೆ. ಅಡುಗೆಮನೆಯಲ್ಲಿದ್ದ ತಂಗಿಗೆ ಆ ದನಿ ಕೇಳಿಸುವ ದಾರಿಯೇ ಇರಲಿಲ್ಲ.

ಹಿಂಸೆಯ ಆಟ ಆಡಿದವರೆಲ್ಲ ಕೊಲೆಗಾರರಾಗುತ್ತಾರೆಂದು ನಾನು ಹೇಳುವುದಿಲ್ಲ, ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಅಮೆರಿಕದ ಮನೋವಿಜ್ಞಾನಿಗಳ ಸಂಘವೇ 2020ರಲ್ಲಿ, ಈ ಆಟಗಳಿಗೂ ಕೊಲೆಯಂಥ ಕೃತ್ಯಗಳಿಗೂ ಗಂಟು ಹಾಕುವಷ್ಟು ಪುರಾವೆ ಇಲ್ಲ, ಕೂಗಾಟ ತಳ್ಳಾಟಗಳ ಜೊತೆ ಮಾತ್ರ ಸಣ್ಣ ನಂಟು ಕಾಣುತ್ತದೆ ಎಂದಿತು. ನಿಮ್ಮ ಮಗ ಬಾಗಿಲಿಗೆ ಒದ್ದದ್ದಕ್ಕೆ ಅವನನ್ನು ಅಪರಾಧಿಯಂತೆ ನೋಡಬೇಡಿ. ನಾವೂ ಹಿಂಸೆ ನೋಡಿಯೇ ಬೆಳೆದವರು. ನಮ್ಮಲ್ಲಿ ಯಕ್ಷಗಾನಕ್ಕೂ ಆಟ ಎಂದೇ ಹೆಸರು. ದೇವಿ ಮಹಾತ್ಮೆಯಲ್ಲಿ ದೊಂದಿ ಹಿಡಿದು ಮಹಿಷಾಸುರ ಜನರ ನಡುವಿನಿಂದಲೇ ಆರ್ಭಟಿಸುತ್ತಾ ಬರುವಾಗ ನಾನು ಅಜ್ಜನ ಶಾಲಿನೊಳಗೆ ಮುಖ ಹುದುಗಿಸುತ್ತಿದ್ದೆ. ಅಜ್ಜ ಬೆನ್ನು ತಟ್ಟಿ, "ಈಗ ನೋಡು, ದೇವಿ ಬರ್ತಾಳೆ" ಎನ್ನುತ್ತಿದ್ದರು. ಆ ಶಾಲು ನಿಮ್ಮ ಮಗನಿಗೂ ಬೇಕು.

ಹಾಗಾಗಿ ಮೊಬೈಲ್ ಕಿತ್ತು ಬೀರುವಿನಲ್ಲಿಡುವ ಮೊದಲು ಅವನ ಪಕ್ಕ ಅರ್ಧ ಗಂಟೆ ಕೂತುಕೊಳ್ಳಿ. ಆಟದ ಹೆಸರು ಕೇಳಿ, ಪ್ಲೇಸ್ಟೋರಿನಲ್ಲಿ ಅದರ ಅಂಕಿ ನೋಡಿ. ಹದಿನಾರೆಂದಿದ್ದರೆ ಹನ್ನೊಂದರವನಿಗೆ ಬೇಡ. ಅದನ್ನು ಅವನಿಗೆ ಕಾರಣ ಹೇಳಿ ತೆಗೆಸಿ. ಆ ಮೊಬೈಲಿನಲ್ಲಿ ಅವನ ನಿಜ ವಯಸ್ಸಿನ ಖಾತೆ ತೆರೆದು ನಿಮ್ಮ ಖಾತೆಗೆ ಜೋಡಿಸಿದರೆ, ಹೊಸ ಆಟ ಇಳಿಸಲು ನಿಮ್ಮನ್ನು ಕೇಳಲೇಬೇಕಾಗುತ್ತದೆ. ಯಜಮಾನರಿಗೂ ದುಬೈಯಿಂದ ಒಂದು ಕೆಲಸವಿದೆ: ವಿಡಿಯೊ ಕರೆಯಲ್ಲಿ ಈ ಮಾತನ್ನು ಅವರೇ ಮಗನಿಗೆ ಹೇಳಲಿ. ಕೊಡಿಸಿದ ಅಪ್ಪ ಒಳ್ಳೆಯವನು, ಕಿತ್ತುಕೊಂಡ ಅಮ್ಮ ಕೆಟ್ಟವಳು ಎಂದಾಗಬಾರದು.

ಇಷ್ಟಾದರೂ ಊಟ, ನಿದ್ದೆ, ಶಾಲೆ ಎಲ್ಲ ಕೆಡುತ್ತಿದ್ದರೆ ನಾಚಿಕೆಪಡಬೇಡಿ. ಆಟದ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, 2022ರ ಜನವರಿಯಿಂದ ಅದು ಜಾರಿಯಲ್ಲಿದೆ. ನಿಮ್ಹಾನ್ಸ್ ಬೆಂಗಳೂರಿನಲ್ಲಿ 2014ರಲ್ಲೇ ಇದಕ್ಕೆಂದು ಕ್ಲಿನಿಕ್ ತೆರೆಯಿತು. ನಿಮಗೆ ಅಷ್ಟು ದೂರ ಬೇಡ. ಮಣಿಪಾಲದ ಕೆಎಂಸಿಯಲ್ಲೂ ಉಡುಪಿಯ ಡಾ. ಎ.ವಿ. ಬಾಳಿಗಾ ಆಸ್ಪತ್ರೆಯಲ್ಲೂ ಮನೋವೈದ್ಯರಿದ್ದಾರೆ. ಮನೆಯಿಂದಲೇ ಮಾತಾಡಬೇಕೆಂದರೆ ಸರ್ಕಾರದ ಟೆಲಿ ಮಾನಸ್ ಇದೆ, 14416.

ಅತ್ತೆಯವರ ಅಟ್ಟದಲ್ಲಿ ಹಳೆಯ ಚೆನ್ನೆಮಣೆಯೊಂದಿದೆ ಎಂದು ಹಿಂದೊಮ್ಮೆ ಬರೆದಿದ್ದಿರಿ. ಅದನ್ನು ಇಳಿಸಿ, ಒರೆಸಿ. ಆಟಿ ಮುಗಿಯಲು ಇನ್ನೂ ಹನ್ನೆರಡು ದಿನವಿದೆ. ಮಗನಿಗೆ ಕಲಿಸಿ, ಅವನ ಆಟವನ್ನೂ ಅವನಿಂದ ಕೇಳಿಸಿಕೊಳ್ಳಿ. ಅವನು ಏನು ಹೇಳಿದ ಎಂದು ನನಗೆ ತಪ್ಪದೆ ಬರೆಯಿರಿ, ಕಾಯುತ್ತಿರುತ್ತೇನೆ.

ನಿಮ್ಮ,
ಉಡುಪಿಯ ಗೆಳತಿ